ಷಟ್‌ಸ್ಥಲ ಚಕ್ರವರ್ತಿ ಚೆನ್ನಬಸವಣ್ಣನವರು: ಕಾಯದೊಳಗಿನ ಆರು ನೆಲೆಗಳು

ಶ್ರೀ ಗುರುಬಸವಲಿಂಗಾಯ ನಮಃ



ಕಳೆದ ಶ್ರಾವಣದಲ್ಲಿ ದೇವಸಮುದ್ರದ ಶಿವಾನುಭವಗೋಷ್ಠಿ ಮುಗಿದು ಎಲ್ಲರೂ ಪ್ರಸಾದಕ್ಕೆ ಏಳುತ್ತಿದ್ದ ಹೊತ್ತಿನಲ್ಲಿ ತಾಯಿಯೊಬ್ಬರು ಪೂಜ್ಯ ಶ್ರೀಗಳ ಎದುರು ಬಂದು ನಿಂತರು. ಊರಿನಿಂದ ದೂರದ ಪಟ್ಟಣದಲ್ಲಿ ನೌಕರಿಯಲ್ಲಿರುವ ಅವರ ಮಗ, ಕೆಲವೇ ದಿನಗಳಲ್ಲಿ ಕುಂಡಲಿನಿಯನ್ನು ಎಬ್ಬಿಸಿಕೊಡುವುದಾಗಿ ಹೇಳುವ ಶಿಬಿರವೊಂದಕ್ಕೆ ಹಣ ಕಟ್ಟಿ ಹೋಗಿ ಬಂದಿದ್ದನಂತೆ. ಅಂದಿನಿಂದ ರಾತ್ರಿ ನಿದ್ರೆಯಿಲ್ಲ, ಮನೆಯವರೊಡನೆ ಕುಳಿತು ಉಣ್ಣುವುದಿಲ್ಲ. ತನಗೆ ಆಜ್ಞಾಚಕ್ರ ತೆರೆದಿದೆ, ಇನ್ನು ಹೊರಗಿನ ಲಿಂಗ ಬೇಡವೆಂದು ಇಷ್ಟಲಿಂಗವನ್ನು ಕಳಚಿ ದೇವರ ಮಾಡದಲ್ಲಿ ಇರಿಸಿಬಿಟ್ಟಿದ್ದಾನೆ. ಈ ಚಕ್ರಗಳು ನಮ್ಮ ಧರ್ಮದಲ್ಲಿ ಇವೆಯೋ ಇಲ್ಲವೋ, ಇದ್ದರೆ ಮಗ ಮಾಡಿದ್ದು ಸರಿಯೋ ಎಂಬುದು ಆ ತಾಯಿಯ ಪ್ರಶ್ನೆ.

ಪಕ್ಕದಲ್ಲಿದ್ದ ನಾವು ಆತುರಪಟ್ಟು, ಚಕ್ರ, ಕುಂಡಲಿನಿ ಮುಂತಾದವು ಅನ್ಯಮಾರ್ಗದವು, ಶರಣರಿಗೆ ಅವುಗಳ ಗೊಡವೆಯಿಲ್ಲವೆಂದು ಉತ್ತರಿಸಿಬಿಟ್ಟೆವು. ಶ್ರೀಗಳು ನಮ್ಮನ್ನು ನೋಡಿ ನಕ್ಕು, ಚೆನ್ನಬಸವಣ್ಣನವರ ಕರಣಹಸಿಗೆಯನ್ನು ಮತ್ತೊಮ್ಮೆ ಓದಿ ಬರಬೇಕೆಂದು ಅಪ್ಪಣೆ ಮಾಡಿದರು. ಸ್ನಾತಕೋತ್ತರ ಪದವಿಯ ಕಾಲದಲ್ಲಿ ಪರೀಕ್ಷೆಗೆ ಬೇಕಾದಷ್ಟು ಮಾತ್ರ ಆ ಗ್ರಂಥವನ್ನು ತಿರುವಿಹಾಕಿದ್ದ ನಮಗೆ ಆ ನಗೆಯ ಅರ್ಥ ಮನೆಗೆ ಬಂದ ಮೇಲೆ ತಿಳಿಯಿತು. ಅಂದು ಕೊಟ್ಟ ಉತ್ತರ ತಪ್ಪು. ಅದನ್ನು ತಿದ್ದಿಕೊಳ್ಳುವ ಸಲುವಾಗಿಯೇ ಆ ಮಹಾಜ್ಞಾನಿಯ ಚರಿತ್ರೆಯನ್ನು ಇಲ್ಲಿ ನಿವೇದಿಸುತ್ತಿದ್ದೇವೆ.

ಚೆನ್ನಬಸವಣ್ಣನವರು ಬಸವಣ್ಣನವರ ಅಕ್ಕ ನಾಗಲಾಂಬಿಕೆಯವರ ಮಗ. ನಾವು ಅಕ್ಕನಾಗಮ್ಮನೆಂದು ಕರೆಯುವ ಈ ತಾಯಿ ತಮ್ಮನನ್ನು ಸಾಕಿದಂತೆಯೇ ಮಗನನ್ನೂ ಶರಣರ ನಡುವೆ ಬೆಳೆಸಿದರು. ತಂದೆ ಶಿವಸ್ವಾಮಿಯೆಂದು ಕೆಲವು ಗ್ರಂಥಗಳು ಹೇಳುತ್ತವೆ. ಡೋಹರ ಕಕ್ಕಯ್ಯನವರ ಪ್ರಸಾದದಿಂದ ಜನಿಸಿದ ಶಿಶುವೆಂಬ ನಂಬಿಕೆಯೂ ಪರಂಪರೆಯಲ್ಲಿ ಬೇರೂರಿದೆ. ಈ ಎರಡನೆಯ ಕಥೆಯನ್ನು ಹೇಳಲು ಹಿಂಜರಿಯುವವರನ್ನು ನಾವು ಕಂಡಿದ್ದೇವೆ. ಹಿಂಜರಿಯಬೇಕಾದುದೇನೂ ಅದರಲ್ಲಿಲ್ಲ. ತೊಗಲು ಹದಮಾಡುವ ಕಾಯಕದ ಶರಣನ ಪ್ರಸಾದವೇ ಷಟ್‌ಸ್ಥಲದ ಮಹಾಜ್ಞಾನಿಯಾಗಿ ಮೈದೋರಿತೆಂದು ನಮ್ಮ ಹಿರಿಯರು ಅಭಿಮಾನದಿಂದ ನೆನೆದಿದ್ದಾರೆ.

ಬಸವಣ್ಣನವರು ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದ ಕಾಲದಲ್ಲಿ ಬಾಲಕ ಚೆನ್ನಬಸವಣ್ಣನವರು ಮಹಾಮನೆಯಲ್ಲಿಯೇ ಬೆಳೆದರು. ಅಲ್ಲಿ ಅಲ್ಲಮಪ್ರಭುಗಳು ಮಾತನಾಡುವಾಗ ಮಡಿವಾಳ ಮಾಚಿದೇವರೂ, ದೋಣಿ ನಡೆಸುವ ಅಂಬಿಗರ ಚೌಡಯ್ಯನವರೂ ಒಂದೇ ಸಭೆಯಲ್ಲಿ ಕೂರುತ್ತಿದ್ದರು. ಅನುಭಾವವು ಅಲ್ಲಿ ಹರಿಯುವ ಹೊಳೆಯಾಗಿತ್ತು. ಆ ಹೊಳೆಗೆ ಕಟ್ಟೆ ಕಟ್ಟಿ, ಕಾಲುವೆ ತೆಗೆದು, ಯಾವ ಹೊಲಕ್ಕೆ ಎಷ್ಟು ನೀರೆಂದು ಹಂಚಿಕೊಟ್ಟವರು ಚೆನ್ನಬಸವಣ್ಣನವರು. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳಿಗೆ ಅವರು ಕೊಟ್ಟ ವ್ಯವಸ್ಥೆಯೇ ಇಂದಿಗೂ ನಮಗೆ ಆಧಾರ. ಷಟ್‌ಸ್ಥಲ ಚಕ್ರವರ್ತಿಯೆಂದೂ ಅವಿರಳಜ್ಞಾನಿಯೆಂದೂ ಅವರನ್ನು ಕರೆಯುವುದು ಈ ಕಾರಣದಿಂದಲೇ. ಕೂಡಲಚೆನ್ನಸಂಗಮದೇವ ಎಂಬ ಅಂಕಿತದಲ್ಲಿ ಅವರ 1,700ಕ್ಕೂ ಹೆಚ್ಚು ವಚನಗಳು ದೊರೆತಿವೆ. ಇವಲ್ಲದೆ ಮಂತ್ರಗೋಪ್ಯ, ಮಿಶ್ರಾರ್ಪಣ, ಕರಣಹಸಿಗೆ ಮುಂತಾದ ಕೃತಿಗಳು ಅವರ ಹೆಸರಿನಲ್ಲಿವೆ.

ಕರಣಹಸಿಗೆ ಎಂಬ ಹೆಸರಿನ ಬಳಿ ತುಸು ನಿಲ್ಲೋಣ. ಹಸಿಗೆ, ಹಸುಗೆ ಎಂದರೆ ಹಳಗನ್ನಡದ ಪಸುಗೆ. ಅರ್ಥ ವಿಭಾಗ, ಹಂಚಿಕೆ. ನಮ್ಮ ಸೀಮೆಯ ಹಿರಿಯ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಣದಲ್ಲಿ ರಾಶಿ ಮಾಡಿದ ಮೇಲೆ ಬೀಜಕ್ಕೆ ಇಷ್ಟು, ಆಯಗಾರರಿಗೆ ಇಷ್ಟು, ದೇವರಿಗೆ ಇಷ್ಟು, ಮನೆಗೆ ಇಷ್ಟು ಎಂದು ಪಾಲು ತೆಗೆಯುತ್ತಿದ್ದುದು ಅವರಿಗೆ ನೆನಪಿದೆ. ಹಂಚಿ ಮುಗಿಯುವವರೆಗೆ ರಾಶಿ ತನ್ನದೆಂದು ಯಾವ ಒಕ್ಕಲಿಗನೂ ಹೇಳುತ್ತಿರಲಿಲ್ಲ. ಚೆನ್ನಬಸವಣ್ಣನವರು ಈ ದೇಹವೆಂಬ ರಾಶಿಯನ್ನು ಹಾಗೆಯೇ ಕಣಕ್ಕೆ ಸುರಿದು ಪಾಲು ಮಾಡಿದ್ದಾರೆ. ಎಲುಬು, ಮಾಂಸ, ಚರ್ಮ, ನಾಡಿ, ರೋಮಗಳು ಪೃಥ್ವಿಯ ಪಾಲು. ಹಸಿವು, ತೃಷೆ, ನಿದ್ರೆ, ಆಲಸ್ಯ, ಸಂಗಗಳು ಅಗ್ನಿಯ ಪಾಲು. ರಾಗ, ದ್ವೇಷ, ಭಯ, ಲಜ್ಜೆ, ಮೋಹಗಳು ಆಕಾಶದ ಪಾಲು. ಹೀಗೆ ಐದು ಭೂತಗಳಿಗೆ ಐದೈದರಂತೆ ಇಪ್ಪತ್ತೈದು ತತ್ತ್ವಗಳನ್ನು ಹಂಚಿ, ವಾಯುಗಳನ್ನೂ ನಾಡಿಗಳನ್ನೂ ಎಣಿಸಿದ ಬಳಿಕ ತನ್ನದೆಂದು ಹಿಡಿದುಕೊಳ್ಳಲು ಉಳಿಯುವುದೇನೆಂಬುದನ್ನು ಓದುವವನೇ ನೋಡಿಕೊಳ್ಳಬೇಕು. ಕವಿತೆಯ ಸೊಗಸನ್ನು ಅರಸಿ ಹೋಗುವವರಿಗೆ ಈ ಗದ್ಯ ಒಣಗಿದಂತೆ ಕಂಡೀತು. ವಿದ್ಯಾರ್ಥಿದೆಸೆಯಲ್ಲಿ ನಮಗೂ ಹಾಗೆಯೇ ಕಂಡಿತ್ತು.

ಆರು ಚಕ್ರಗಳು ಬರುವುದು ಈ ಹಂಚಿಕೆಯ ಬೆನ್ನಿಗೇ. ಯೋಗಶಾಸ್ತ್ರದವರು ಹೇಳುವ ನೆಲೆಗಳನ್ನು ಶರಣರು ಅಲ್ಲಗಳೆಯಲಿಲ್ಲ. ಆದರೆ ಒಂದೊಂದು ನೆಲೆಯಲ್ಲಿಯೂ ಒಂದೊಂದು ಲಿಂಗವನ್ನು, ಒಂದೊಂದು ಸ್ಥಲವನ್ನು, ಷಡಕ್ಷರಿಯ ಒಂದೊಂದು ಅಕ್ಷರವನ್ನು ಕಂಡರು. ಬೆನ್ನುಹುರಿಯ ಬುಡದಲ್ಲಿರುವ ನಾಲ್ಕು ದಳದ ಆಧಾರಚಕ್ರ ಪೃಥ್ವಿಯ ನೆಲೆ. ಅಲ್ಲಿರುವುದು ಆಚಾರಲಿಂಗ, ಸ್ಥಲ ಭಕ್ತಸ್ಥಲ, ಭಕ್ತಿ ಶ್ರದ್ಧಾಭಕ್ತಿ, ಅಕ್ಷರ ನಕಾರ, ಇಂದ್ರಿಯ ಮೂಗು, ಅರ್ಪಿಸುವ ಪದಾರ್ಥ ಗಂಧ. ಎಲ್ಲ ಯೋಗದ ಮೊದಲ ಮೆಟ್ಟಿಲಿನಲ್ಲಿ ಚೆನ್ನಬಸವಣ್ಣನವರು ಇರಿಸಿದ್ದು ಯಾವುದೋ ನಿಗೂಢ ಶಕ್ತಿಯನ್ನಲ್ಲ, ಆಚಾರವನ್ನು ಎಂಬುದನ್ನು ಭಕ್ತರು ಗಮನಿಸಬೇಕು. ಸುಳ್ಳಾಡದೆ, ಕದಿಯದೆ, ದುಡಿದು ತಿಂದು, ಹಂಚಿ ಬದುಕುವ ನಡೆಯೇ ಆ ಬುಡ. ಮೊದಲ ಮಳೆ ಬಿದ್ದಾಗ ನಮ್ಮ ಬಯಲುಸೀಮೆಯ ನೆಲದಿಂದೇಳುವ ವಾಸನೆಯನ್ನು ಬಲ್ಲವರಿಗೆ ಪೃಥ್ವಿಗೂ ಗಂಧಕ್ಕೂ ಇರುವ ನಂಟನ್ನು ಬೇರೆ ಹೇಳಬೇಕಿಲ್ಲ.

ಅದರ ಮೇಲೆ ಆರು ದಳದ ಸ್ವಾಧಿಷ್ಠಾನ. ಜಲದ ನೆಲೆ, ಮಹೇಶಸ್ಥಲ, ಗುರುಲಿಂಗ, ನಿಷ್ಠೆ. ನಾಭಿಯಲ್ಲಿ ಹತ್ತು ದಳದ ಮಣಿಪೂರಕ. ಇದು ಅಗ್ನಿಯ ನೆಲೆ, ಹಸಿವಿನ ಮನೆ. ಇಲ್ಲಿ ಶಿವಲಿಂಗವಿದೆ, ಸ್ಥಲ ಪ್ರಸಾದಿಸ್ಥಲ, ಭಕ್ತಿ ಅವಧಾನಭಕ್ತಿ. ಹೊಟ್ಟೆಯಿರುವ ತಾಣದಲ್ಲಿಯೇ ಪ್ರಸಾದಿಸ್ಥಲ ಬಂದಿರುವುದು ನಮ್ಮನ್ನು ಅನೇಕ ದಿನ ಚಿಂತನೆಗೆ ಹಚ್ಚಿತು. ಹಸಿವನ್ನು ಕೊಲ್ಲಬೇಕೆಂದು ಶರಣರು ಹೇಳಲಿಲ್ಲ. ತುತ್ತನ್ನು ಲಿಂಗಕ್ಕೆ ಅರ್ಪಿಸಿ ಎಚ್ಚರದಿಂದ ಸ್ವೀಕರಿಸುವವನಿಗೆ ಆ ಬೆಂಕಿಯೇ ಪೂಜೆಯಾಗುತ್ತದೆ. ದಾಸೋಹದ ಪಂಕ್ತಿಯಲ್ಲಿ ಕುಳಿತು ತಟ್ಟೆಯಲ್ಲಿ ಅಗುಳು ಬಿಡದೆ ಉಣ್ಣುವ ಮುದುಕಿ ಮಣಿಪೂರಕದ ಹೆಸರನ್ನು ಕೇಳಿಲ್ಲದಿರಬಹುದು, ಆ ನೆಲೆ ಆಕೆಗೆ ಚೆನ್ನಾಗಿ ಗೊತ್ತು.

ಹೃದಯದಲ್ಲಿ ಹನ್ನೆರಡು ದಳದ ಅನಾಹತ, ವಾಯುವಿನ ನೆಲೆ, ಪ್ರಾಣಲಿಂಗಿಸ್ಥಲ, ಅಲ್ಲಿರುವುದು ಜಂಗಮಲಿಂಗ. ಕಂಠದಲ್ಲಿ ಹದಿನಾರು ದಳದ ವಿಶುದ್ಧಿ, ಶರಣಸ್ಥಲ, ಪ್ರಸಾದಲಿಂಗ. ಭ್ರೂಮಧ್ಯದಲ್ಲಿ ಎರಡು ದಳದ ಆಜ್ಞೆ, ಐಕ್ಯಸ್ಥಲ, ಮಹಾಲಿಂಗ, ಓಂಕಾರ. ಇದಕ್ಕೂ ಮೇಲೆ ಬ್ರಹ್ಮರಂಧ್ರ, ಶಿಖೆ, ಪಶ್ಚಿಮ ಎಂಬ ಮೂರು ನೆಲೆಗಳನ್ನು ಹೇಳಿ ಒಟ್ಟು ಒಂಬತ್ತೆಂದು ಎಣಿಸುವುದುಂಟು. ಆ ವಿಚಾರವನ್ನು ಗುರುಮುಖದಿಂದ ತಿಳಿಯುವುದೇ ಲೇಸು.

ಇಲ್ಲಿ ಆ ತಾಯಿಯ ಪ್ರಶ್ನೆಗೆ ಉತ್ತರವಿದೆ. ಇಷ್ಟಲಿಂಗವೇ ಆಚಾರಲಿಂಗ, ಗುರುಲಿಂಗಗಳೆಂದು ಎರಡಾಗುತ್ತದೆ. ಪ್ರಾಣಲಿಂಗವು ಶಿವಲಿಂಗ, ಜಂಗಮಲಿಂಗಗಳಾಗುತ್ತದೆ. ಭಾವಲಿಂಗವು ಪ್ರಸಾದಲಿಂಗ, ಮಹಾಲಿಂಗಗಳಾಗುತ್ತದೆ. ಎಂದ ಮೇಲೆ ಆಜ್ಞಾಚಕ್ರ ತೆರೆಯಿತೆಂದು ಇಷ್ಟಲಿಂಗವನ್ನು ಕಳಚಿಟ್ಟವನು ಕೆಳಗಿನ ಎರಡು ನೆಲೆಗಳನ್ನೇ ಕಳಚಿಟ್ಟಂತಾಯಿತು. ಅಡಿಪಾಯ ಕಿತ್ತ ಮನೆಯ ಮಾಳಿಗೆ ಎಷ್ಟು ದಿನ ನಿಂತೀತು? ದೀಕ್ಷೆಯ ಕಾಲದಲ್ಲಿ ಗುರುವು ಶಿಷ್ಯನ ಮಸ್ತಕದಲ್ಲಿರುವ ಚಿತ್ಕಳೆಯನ್ನೇ ಇಷ್ಟಲಿಂಗವಾಗಿಸಿ ಕರಸ್ಥಲಕ್ಕೆ ತಂದುಕೊಡುತ್ತಾನೆ. ಅಂಗೈಯಲ್ಲಿ ನಾವು ದಿಟ್ಟಿಸುವುದು ಒಳಗಿನದನ್ನೇ.

ಇದೇ ಪ್ರಶ್ನೆ ಕಲ್ಯಾಣದಲ್ಲಿಯೂ ಎದ್ದಿತ್ತು, ಅದೂ ಸಾಮಾನ್ಯರಿಂದಲ್ಲ. ಸೊನ್ನಲಿಗೆಯ ಸಿದ್ಧರಾಮೇಶ್ವರರು ಶ್ರೀಶೈಲದ ಮಲ್ಲಯ್ಯನ ಕೃಪೆ ಪಡೆದ ಮಹಾಯೋಗಿ. ಕೆರೆ ಕಟ್ಟಿಸಿ, ಗುಡಿ ಎತ್ತಿಸಿ ಲೋಕೋಪಕಾರದಲ್ಲಿ ನಿರತರಾಗಿದ್ದವರು. ಊರ ಹೆಸರುಗಳಲ್ಲಿ ಕೆರೆಯನ್ನೇ ಸಮುದ್ರವೆಂದು ಕರೆದ ಈ ಬರದ ಸೀಮೆಯವರಿಗೆ, ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ ಕೆರೆಗಳನ್ನು ನೆನೆಯುವವರಿಗೆ, ಸಿದ್ಧರಾಮರ ಮೇಲೆ ಒಂದು ಗುಲಗಂಜಿ ಹೆಚ್ಚು ಪ್ರೀತಿ ಇದ್ದರೆ ಆಶ್ಚರ್ಯವಿಲ್ಲ. ಅಲ್ಲಮಪ್ರಭುಗಳು ಅವರನ್ನು ಕಲ್ಯಾಣಕ್ಕೆ ಕರೆತಂದಾಗ ಅವರ ಅಂಗದ ಮೇಲೆ ಇಷ್ಟಲಿಂಗವಿರಲಿಲ್ಲ. ಒಳಗೆ ಶಿವನನ್ನು ಕಂಡವನಿಗೆ ಹೊರಗಿನ ಕುರುಹು ಏತಕ್ಕೆಂಬುದು ಅವರ ನಿಲುವು. ಚೆನ್ನಬಸವಣ್ಣನವರು ವಯಸ್ಸಿನಲ್ಲಿ ಕಿರಿಯರಾದರೂ ಈ ನಿಲುವಿಗೆ ತಲೆಬಾಗಲಿಲ್ಲ. ಒಳಗು ಹೊರಗೆಂದು ಶಿವನನ್ನು ಸೀಳಿದರೆ ಅದೂ ಒಂದು ಭ್ರಾಂತಿಯೇ. ಕಾಯ ಇರುವವರೆಗೆ ಕಾಯಕ್ಕೂ ಲಿಂಗಸಂಬಂಧ ಬೇಕೆಂಬುದು ಅವರ ವಾದದ ತಿರುಳು. ದೀರ್ಘ ಚರ್ಚೆಯ ಬಳಿಕ ಹಿರಿಯರಾದ ಸಿದ್ಧರಾಮರು ಕಿರಿಯರಾದ ಚೆನ್ನಬಸವಣ್ಣನವರ ಕೈಯಿಂದ ಲಿಂಗದೀಕ್ಷೆ ಪಡೆದರು. ಶೂನ್ಯಸಂಪಾದನೆಯ ಎಲ್ಲ ಪರಿಷ್ಕರಣಗಳಲ್ಲಿ ಈ ಪ್ರಸಂಗ ಒಂದೇ ರೀತಿಯಾಗಿಲ್ಲವೆಂಬುದನ್ನು ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ. ಪರಂಪರೆಯು ಎದೆಗೆ ಅಪ್ಪಿಕೊಂಡಿರುವುದು ಮಾತ್ರ ದೀಕ್ಷೆಯ ಕಥೆಯನ್ನೇ. ಗೆದ್ದವರಿಗಿಂತ ಒಪ್ಪಿಕೊಂಡವರೇ ಆ ಪ್ರಸಂಗದಲ್ಲಿ ನಮಗೆ ದೊಡ್ಡವರಾಗಿ ಕಾಣುತ್ತಾರೆ.

ಅಲ್ಲಮಪ್ರಭುಗಳ ತರುವಾಯ ಶೂನ್ಯಸಿಂಹಾಸನದ ಹೊಣೆ ಚೆನ್ನಬಸವಣ್ಣನವರ ಮೇಲೆ ಬಂದಿತು. ಆದರೆ ಶಾಂತಿಯ ದಿನಗಳು ಉಳಿದಿರಲಿಲ್ಲ. ಹರಳಯ್ಯ, ಮಧುವರಸರ ಮಕ್ಕಳ ವಿವಾಹದಿಂದ ಕಲ್ಯಾಣ ಹೊತ್ತಿಕೊಂಡಿತು. ಆ ಇಬ್ಬರು ಹಿರಿಯರಿಗೂ ಎಳೆಹೂಟೆಯ ಘೋರಶಿಕ್ಷೆಯಾಯಿತು. 1167ರ ಸುಮಾರಿಗೆ ಬಿಜ್ಜಳನ ಕೊಲೆಯಾಗಿ ಶರಣರು ದಿಕ್ಕುದಿಕ್ಕಿಗೆ ಚದುರಿದರು. ಬಸವಣ್ಣನವರು ಕೂಡಲಸಂಗಮದಲ್ಲಿ ಐಕ್ಯರಾದರು. ವಚನದ ಓಲೆಕಟ್ಟುಗಳನ್ನೂ, ಮಕ್ಕಳುಮರಿಗಳನ್ನೂ, ವೃದ್ಧರನ್ನೂ ಕಟ್ಟಿಕೊಂಡು ಬೆನ್ನಟ್ಟಿ ಬಂದ ಸೈನ್ಯದಿಂದ ಪಾರಾಗಿ ಪಶ್ಚಿಮದ ಕಾಡಿನ ಕಡೆಗೆ ನಡೆದ ತಂಡಕ್ಕೆ ಚೆನ್ನಬಸವಣ್ಣನವರೇ ನಾಯಕರು. ಮಡಿವಾಳ ಮಾಚಿದೇವರು ತಂಡದ ರಕ್ಷಣೆಗೆ ನಿಂತರೆಂದು ಪರಂಪರೆ ಹೇಳುತ್ತದೆ. ಕಾದರವಳ್ಳಿಯ ಬಳಿ ಕಾಳಗವಾಯಿತೆಂಬ ನೆನಪು ಆ ಭಾಗದ ಜನರಲ್ಲಿ ಇಂದಿಗೂ ಇದೆ.

ಮಹಾಮನೆಯಲ್ಲಿ ಕುಳಿತು ದೇಹದ ತತ್ತ್ವಗಳನ್ನು ಎಣಿಸಿದ ಆ ಜ್ಞಾನಿಗೆ ಹಸಿವು, ಭಯ, ನಿದ್ರೆಗಳು ಈ ಹಾದಿಯಲ್ಲಿ ಬರಿಯ ಎಣಿಕೆಯಾಗಿ ಉಳಿದಿರಲಾರವು. ದಣಿದವರನ್ನು ನಡೆಸಬೇಕು, ಹಸಿದವರಿಗೆ ಉಣಿಸಬೇಕು, ಓಲೆಗಳು ಮಳೆಗೆ ತೊಯ್ಯದಂತೆ ಕಾಯಬೇಕು. ಶರಣರು ಕಡೆಗೆ ತಂಗಿದ ಉಳವಿ ಇಂದು ಉತ್ತರ ಕನ್ನಡ ಜಿಲ್ಲೆಯ ಜೊಯಿಡಾ ತಾಲ್ಲೂಕಿನಲ್ಲಿದೆ. ಮಹಾಮನೆಯ ಗವಿ, ಅಕ್ಕನಾಗಮ್ಮನ ಗವಿ, ಆಕಳ ಗವಿ ಎಂದು ಅಲ್ಲಿನ ಗುಹೆಗಳಿಗೆ ಹೆಸರುಗಳಿವೆ. ಕಲ್ಯಾಣದ ಮಹಾಮನೆ ಕಾಡಿನ ಗವಿಯೊಳಗೆ ಮತ್ತೆ ನಡೆಯಿತೆಂಬುದನ್ನು ಆ ಹೆಸರೇ ಹೇಳುತ್ತದೆ. ಇನ್ನೂ ತರುಣರಾಗಿದ್ದಾಗಲೇ ಚೆನ್ನಬಸವಣ್ಣನವರು ಅಲ್ಲಿ ಲಿಂಗೈಕ್ಯರಾದರು. ನಾನೂರು ವರ್ಷಗಳ ನಂತರ ವಿರೂಪಾಕ್ಷ ಪಂಡಿತನು ಚೆನ್ನಬಸವಪುರಾಣವನ್ನು ಬರೆದನು.

ಮಾಘಮಾಸದ ಭಾರತ ಹುಣ್ಣಿಮೆಗೆ ಉಳವಿಯಲ್ಲಿ ಜಾತ್ರೆ. ಬೆಳಗಾವಿ, ಧಾರವಾಡದ ಕಡೆಯ ಭಕ್ತರು ಎತ್ತಿನ ಚಕ್ಕಡಿಗಳನ್ನು ಕಟ್ಟಿಕೊಂಡು ದಿನಗಟ್ಟಲೆ ಕಾಡಿನ ಹಾದಿಯಲ್ಲಿ ಬರುತ್ತಾರೆ. ನಮ್ಮಿಂದ ಅಷ್ಟು ದೂರ ಚಕ್ಕಡಿಯಲ್ಲಿ ಹೋಗಲಾಗದು. ದೇವಸಮುದ್ರದ ಭಕ್ತರು ಸೇರಿ ಈ ಸಲ ವಾಹನವೊಂದನ್ನು ಗೊತ್ತುಮಾಡಿದ್ದಾರೆ.

ಆ ಯುವಕನ ವಿಷಯವನ್ನೂ ಹೇಳಬೇಕು. ಶ್ರೀಗಳು ಅವನನ್ನು ಕರೆಸಿ, ಗದರಿಸದೆ, ಮೊದಲು ವೈದ್ಯರಲ್ಲಿಗೆ ಹೋಗಿ ನಿದ್ರೆಗೆ ಚಿಕಿತ್ಸೆ ಪಡೆಯಬೇಕೆಂದರು. ರಜೆ ಇರುವಷ್ಟು ದಿನ ಮಠದ ದಾಸೋಹದಲ್ಲಿ ಬಡಿಸುವ ಕೆಲಸಕ್ಕೆ ಹಚ್ಚಿದರು. ಚಕ್ರಗಳ ಮಾತನ್ನು ಒಂದು ತಿಂಗಳು ಎತ್ತಲೇ ಇಲ್ಲ. ಈಗ ನಿದ್ರೆ ಬರುತ್ತಿದೆ, ಮನೆಯವರೊಡನೆ ಉಣ್ಣುತ್ತಾನೆ. ಕೊರಳಿಗೆ ಲಿಂಗ ಇನ್ನೂ ಬಂದಿಲ್ಲ. ಶ್ರೀಗಳೂ ಒತ್ತಾಯಿಸಿಲ್ಲ. ಉಳವಿಗೆ ಹೊರಡುವವರ ಪಟ್ಟಿಯಲ್ಲಿ ತಾಯಿಯ ಹೆಸರಿನ ಕೆಳಗೆ ಅವನೇ ಬಂದು ತನ್ನ ಹೆಸರನ್ನೂ ಬರೆಸಿ ಹೋಗಿದ್ದಾನೆ.