ಹತ್ತು ಪುಟಗಳ ಹಾರ್ಡಿ ಕ್ರಾಸ್

ಅಮೆರಿಕದ ಇಲಿನಾಯ್ ರಾಜ್ಯದ ಅರ್ಬಾನಾ-ಶಾಂಪೇನ್ ಅವಳಿ ಊರುಗಳಲ್ಲಿ ವೈದ್ಯನಾಗಿ ನೆಲೆಸಿ ಎರಡು ದಶಕಗಳು ಕಳೆದವು. ಸುತ್ತಲೂ ಕಣ್ಣು ಹಾಯುವವರೆಗೆ ಮೆಕ್ಕೆಜೋಳದ ಹೊಲಗಳು, ನಡುವೆ ಒಂದು ದೊಡ್ಡ ವಿಶ್ವವಿದ್ಯಾಲಯ. ಆಸ್ಪತ್ರೆಯಿಂದ ಮರಳುವಾಗ ಕೆಲವೊಮ್ಮೆ ಅಲ್ಲಿನ ಸಿವಿಲ್ ಎಂಜಿನಿಯರಿಂಗ್ ವಿಭಾಗದ ಮುಂದೆ ಹಾದುಬರುತ್ತೇನೆ. ಆ ಪ್ರಯೋಗಾಲಯಕ್ಕೆ ನೇಥನ್ ನ್ಯೂಮಾರ್ಕ್ ಅವರ ಹೆಸರಿದೆ. ಆದರೆ ಪ್ರತಿಸಲವೂ ನನಗೆ ನೆನಪಾಗುವುದು ಅವರ ಗುರುಗಳಲ್ಲೊಬ್ಬರಾದ ಹಾರ್ಡಿ ಕ್ರಾಸ್. ಬಾಲ್ಯದಲ್ಲಿ ಹಾಸನದ ನಮ್ಮ ಮನೆಯಲ್ಲಿ ನಾನು ಕೇಳಿದ ಮೊದಲ ಪರದೇಶಿ ಹೆಸರುಗಳಲ್ಲಿ ಅದೂ ಒಂದು.

ನಮ್ಮ ತಂದೆಯವರು ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರ್. ರಾತ್ರಿ ಊಟವಾದ ಮೇಲೆ ಸ್ಲೈಡ್ ರೂಲ್ ಹಿಡಿದು, ಉದ್ದ ಗೆರೆಯ ಪುಸ್ತಕದಲ್ಲಿ ಅಂಕಣಗಳನ್ನು ಎಳೆದು, ಅಂಕೆಗಳನ್ನು ಒಂದರ ಕೆಳಗೊಂದು ಇಳಿಸುತ್ತ ಕೂರುತ್ತಿದ್ದರು. ಏನದು ಎಂದು ಕೇಳಿದರೆ ಹಾರ್ಡಿ ಕ್ರಾಸ್ ಎನ್ನುತ್ತಿದ್ದರು. ಅದು ಮನುಷ್ಯನ ಹೆಸರೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ. ಆ ಮನುಷ್ಯ ಪಾಠ ಹೇಳಿದ ಊರಿಗೇ ನಾನು ಬಂದು ಸೇರುತ್ತೇನೆಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ಹಾರ್ಡಿ ಕ್ರಾಸ್ ಹುಟ್ಟಿದ್ದು 1885ರಲ್ಲಿ, ವರ್ಜೀನಿಯಾ ರಾಜ್ಯದ ನ್ಯಾನ್ಸಿಮಂಡ್ ಕೌಂಟಿಯಲ್ಲಿ, ಜಮೀನುದಾರರ ಮನೆತನದಲ್ಲಿ. ಅಣ್ಣ ಟಾಮ್ ಪೀಟ್ ಕ್ರಾಸ್ ಮುಂದೆ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಕೆಲ್ಟಿಕ್ ಸಾಹಿತ್ಯದ ವಿದ್ವಾಂಸರಾದರು. ತಮ್ಮನೂ ಮೊದಲು ಹಿಡಿದದ್ದು ಸಾಹಿತ್ಯದ ದಾರಿಯನ್ನೇ. ಹ್ಯಾಂಪ್ಡನ್-ಸಿಡ್ನಿ ಕಾಲೇಜಿನಿಂದ 1902ರಲ್ಲಿ ಇಂಗ್ಲಿಷ್ ವಿಷಯದಲ್ಲಿ ಬಿ.ಎ., ಮರುವರ್ಷ ವಿಜ್ಞಾನದ ಪದವಿ. ಕೆಲಕಾಲ ನಾರ್ಫೋಕ್‌ನಲ್ಲಿ ಶಾಲಾ ಮಾಸ್ತರಿಕೆ. ಆಮೇಲೆ ಎಂ.ಐ.ಟಿ.ಯಲ್ಲಿ 1908ರಲ್ಲಿ ಸಿವಿಲ್ ಎಂಜಿನಿಯರಿಂಗ್, ಸೇಂಟ್ ಲೂಯಿಸ್‌ನಲ್ಲಿ ಮಿಸೌರಿ ಪೆಸಿಫಿಕ್ ರೈಲ್ವೆಯ ಸೇತುವೆ ವಿಭಾಗದ ಕೆಲಸ, 1911ರಲ್ಲಿ ಹಾರ್ವರ್ಡ್‌ನ ಸ್ನಾತಕೋತ್ತರ ಪದವಿ, ಬ್ರೌನ್ ವಿಶ್ವವಿದ್ಯಾಲಯದಲ್ಲಿ ಏಳು ವರ್ಷ ಅಧ್ಯಾಪನ. 1921ರಲ್ಲಿ ಅರ್ಬಾನಾಗೆ ಬಂದಾಗ ಅವರಿಗೆ ಮೂವತ್ತಾರು ವರ್ಷ. ಅಷ್ಟರಲ್ಲಿ ಅವರು ಜಗತ್ತಿಗೆ ಪರಿಚಿತರಾಗುವಂಥದ್ದೇನನ್ನೂ ಬರೆದಿರಲಿಲ್ಲ.

ಆ ಕಾಲದ ಎಂಜಿನಿಯರುಗಳಿಗೆ ಎದುರಾಗಿದ್ದ ಸಂಕಟವನ್ನು ಹೇಳದೆ ಅವರ ಕಥೆ ಮುಂದೆ ಸಾಗದು. ಹಳೆಯ ಮನೆಯ ಮರದ ತೊಲೆಯು ಕಂಬದ ತಲೆಯ ಮೇಲೆ ಸುಮ್ಮನೆ ಕುಳಿತಿರುತ್ತದೆ. ಅದರ ಭಾರ ಯಾವ ಕಂಬಕ್ಕೆ ಎಷ್ಟು ಎಂಬುದನ್ನು ಲೆಕ್ಕ ಹಾಕುವುದು ಸುಲಭ. ಕಾಂಕ್ರೀಟು ಬಂದಮೇಲೆ ತೊಲೆ ಕಂಬಗಳು ಒಂದೇ ಎರಕವಾದವು. ತೊಲೆ ಬಾಗಿದರೆ ಕಂಬವೂ ಬಾಗಬೇಕು, ಒಂದು ಅಂಕಣದ ಭಾರದ ಸುದ್ದಿ ಮೂರನೆಯ ಅಂಕಣಕ್ಕೂ ತಲುಪಬೇಕು. ಇದೇ ಬಿಗಿ ಚೌಕಟ್ಟು. ಬಾಗಿಸುವ ಈ ಪ್ರಭಾವಕ್ಕೆ ಎಂಜಿನಿಯರುಗಳು ಮೊಮೆಂಟ್ ಎನ್ನುತ್ತಾರೆ. ಕಂಬದ ಬುಡದಲ್ಲಿ ಪಾಯವು ಎಷ್ಟು ಒತ್ತಿ ಹಿಡಿಯಬೇಕು ಎಂಬುದು ಪ್ರತಿಬಲ. ಇವೆರಡೂ ತಿಳಿಯದೆ ಯಾವ ಜಾಗದಲ್ಲಿ ಎಷ್ಟು ಕಬ್ಬಿಣ ಹಾಕಬೇಕೆಂಬುದು ತಿಳಿಯದು. ಇದಕ್ಕಾಗಿ 1915ರಲ್ಲಿ ಮಿನೆಸೊಟದ ಜಾರ್ಜ್ ಮೇನಿ ಒಂದು ವಿಧಾನವನ್ನು ಕೊಟ್ಟಿದ್ದರು. ಅದರಲ್ಲಿ ಸಂಧಿಗೊಂದು ಅಜ್ಞಾತ, ಅಜ್ಞಾತಕ್ಕೊಂದು ಸಮೀಕರಣ. ಹತ್ತು ಸಂಧಿಗಳಿದ್ದರೆ ಹತ್ತು ಏಕಕಾಲಿಕ ಸಮೀಕರಣಗಳನ್ನು ಕೈಯಲ್ಲಿ ಬಿಡಿಸಬೇಕು. ನಡುವೆ ಒಂದು ಚಿಹ್ನೆ ತಪ್ಪಿದರೆ ಎಲ್ಲವೂ ವ್ಯರ್ಥ. ಬಹುಮಹಡಿ ಕಟ್ಟಡವಾದರಂತೂ ಕೇಳುವುದೇ ಬೇಡ.

ಕ್ರಾಸ್ ಸಮೀಕರಣಗಳನ್ನೇ ಬದಿಗಿಟ್ಟರು. ಎಲ್ಲ ಸಂಧಿಗಳನ್ನೂ ತಿರುಗದಂತೆ ಬೀಗ ಹಾಕಿ ಹಿಡಿದಿದ್ದೇವೆಂದು ಕಲ್ಪಿಸಿಕೊಳ್ಳಬೇಕು. ಬಳಿಕ ಒಂದು ಸಂಧಿಯ ಬೀಗವನ್ನು ತೆಗೆಯಬೇಕು. ಅಲ್ಲಿ ಸರಿದೂಗದೆ ಉಳಿದಿದ್ದ ಮೊಮೆಂಟು, ಆ ಸಂಧಿಗೆ ಕೂಡಿದ ತೊಲೆ ಕಂಬಗಳಿಗೆ ಅವವುಗಳ ಬಿಗುತನಕ್ಕೆ ತಕ್ಕಂತೆ ಹಂಚಿಹೋಗುತ್ತದೆ. ಪ್ರತಿಯೊಂದೂ ತನಗೆ ಬಂದ ಪಾಲಿನ ಅರ್ಧವನ್ನು ತನ್ನ ಬಿಗಿಯಾಗಿ ಹಿಡಿದ ಆಚೆ ತುದಿಗೆ ಸಾಗಿಸುತ್ತದೆ. ಮತ್ತೆ ಬೀಗ ಹಾಕಿ ಪಕ್ಕದ ಸಂಧಿಗೆ ಹೋಗಬೇಕು. ಸುತ್ತು ಸುತ್ತಿಗೂ ಉಳಿಕೆ ಸಣ್ಣದಾಗುತ್ತ ಬರುತ್ತದೆ.

ತಂದೆಯವರ ಪುಸ್ತಕದಲ್ಲಿ, ಸೈಡ್‌ಸ್ವೇ ಇಲ್ಲದ ಚೌಕಟ್ಟು ಎಂಬ ತಲೆಬರಹದ ಕೆಳಗಿರುವ ಲೆಕ್ಕವನ್ನೇ ನೋಡೋಣ. ಆರು ಮೀಟರಿನ ತೊಲೆ, ಎರಡು ಕಡೆ ನಾಲ್ಕು ಮೀಟರಿನ ಕಂಬಗಳು, ಬುಡ ಬಿಗಿ, ಮೂರಕ್ಕೂ ಒಂದೇ ಅಳತೆಯ ಅಡ್ಡಕೊಯ್ತ. ತೊಲೆಯ ಮೇಲೆ ಮೀಟರಿಗೆ 2 ಟನ್ ಭಾರ. ಬೀಗ ಹಾಕಿದಾಗ ತೊಲೆಯ ತುದಿಯಲ್ಲಿ 6 ಟನ್-ಮೀಟರ್ ಮೊಮೆಂಟ್. ಕಂಬ ಗಿಡ್ಡ, ಆದ್ದರಿಂದ ಹೆಚ್ಚು ಬಿಗಿ: ಹಂಚಿಕೆಯಲ್ಲಿ ಅದಕ್ಕೆ ನೂರಕ್ಕೆ 60, ತೊಲೆಗೆ 40. ಮೊದಲ ಸುತ್ತಿನಲ್ಲಿ ಕಂಬದ ತಲೆಗೆ 3.6 ಬರುತ್ತದೆ. ಎದುರು ತುದಿಯಿಂದ ತೊಲೆಯ ಮೂಲಕ 1.2 ಮರಳಿ ಬಂದು, ಅದನ್ನೂ ಹಂಚಿದರೆ 4.32. ಮೂರನೆಯ ಸುತ್ತಿಗೆ 4.464, ನಾಲ್ಕನೆಯದಕ್ಕೆ 4.493. ಎಂದೆಂದಿಗೂ ಹಂಚುತ್ತಲೇ ಹೋದರೆ ಸಿಗುವುದು 4.5. ಕಂಬದ ಬುಡಕ್ಕೆ ಅದರ ಅರ್ಧ, 2.25. ಪ್ರತಿ ಪಾಯವೂ ಮೇಲಕ್ಕೆ ಹೊರುವುದು 6 ಟನ್. ಕಂಬದ ಎರಡೂ ತುದಿಯ ಮೊಮೆಂಟುಗಳನ್ನು ಕೂಡಿಸಿ ಎತ್ತರದಿಂದ ಭಾಗಿಸಿದರೆ, ಅದು ಒಳಮುಖವಾಗಿ ಒತ್ತಬೇಕಾದ ಬಲ ಸುಮಾರು 1.69 ಟನ್. ತಂದೆಯವರು ಮೂರನೆಯ ಸುತ್ತಿಗೇ ನಿಲ್ಲಿಸಿ, ಜೋಡಿ ಗೆರೆ ಎಳೆದು, ಅದರ ಕೆಳಗೆ 4.5 ಎಂದು ಬರೆದಿದ್ದಾರೆ. ಇನ್ನು ಹಂಚುವುದಿಲ್ಲ ಎಂಬುದಕ್ಕೆ ಆ ಜೋಡಿ ಗೆರೆಯೇ ಗುರುತು.

ಈ ಲೆಕ್ಕದಲ್ಲಿ ಸಂಧಿಗಳು ತಿರುಗಬಹುದು, ಆದರೆ ಇದ್ದ ಜಾಗದಿಂದ ಸರಿಯುವುದಿಲ್ಲ. ಚೌಕಟ್ಟೂ ಭಾರವೂ ಎಡಬಲ ಸಮವಾಗಿರುವುದರಿಂದ ಅದು ಯಾವ ಕಡೆಗೂ ವಾಲದು. ಗಾಳಿ ಬೀಸಿದರೆ, ಕಂಬಗಳು ಏರುಪೇರಾದರೆ ವಾಲುತ್ತದೆ. ಆಗ ಮೊದಲು ಪಕ್ಕದಲ್ಲೊಂದು ಕಾಲ್ಪನಿಕ ಊರುಗೋಲು ಕೊಟ್ಟು ಇದೇ ಲೆಕ್ಕ ಮಾಡಿ, ಆ ಊರುಗೋಲಿನ ಮೇಲೆ ಬಿದ್ದ ಬಲವನ್ನು ಎರಡನೆಯ ಲೆಕ್ಕದಲ್ಲಿ ತೀರಿಸಬೇಕು. ಭೂಮಿಯೇ ಅಲುಗಿದಾಗ ಕಟ್ಟಡಗಳು ಹೇಗೆ ತೂಗುತ್ತವೆ ಎಂಬುದನ್ನು ಕೈಗೆತ್ತಿಕೊಂಡು ಹೆಸರಾದವರು ಶಿಷ್ಯ ನ್ಯೂಮಾರ್ಕ್.

ಕ್ರಾಸ್ ಈ ವಿಧಾನವನ್ನು ಹಲವು ವರ್ಷ ತರಗತಿಯಲ್ಲಿ ಹೇಳಿಕೊಟ್ಟರೇ ಹೊರತು ಪ್ರಕಟಿಸಲಿಲ್ಲ. ಪಾಠವೇ ಅವರಿಗೆ ಮುಖ್ಯವಾಗಿತ್ತು. ಪ್ರಬಂಧಗಳಿಲ್ಲವೆಂದು ಮೇಲಧಿಕಾರಿಗಳು ಅಸಮಾಧಾನಗೊಂಡು ಒತ್ತಾಯಿಸಿದ ಮೇಲೆಯೇ ಬರೆದರೆಂಬ ಪ್ರತೀತಿ ಇದೆ. 1930ರ ಮೇ ತಿಂಗಳಲ್ಲಿ ಅಮೆರಿಕದ ಸಿವಿಲ್ ಎಂಜಿನಿಯರುಗಳ ಸಂಘದ ಪತ್ರಿಕೆಯಲ್ಲಿ ಪ್ರಬಂಧ ಬಂತು. ಹತ್ತೇ ಪುಟ. ಎರಡು ವರ್ಷಗಳ ನಂತರ ಸಂಘದ ಸಂಪುಟದಲ್ಲಿ ಅದು ಮರುಮುದ್ರಣವಾದಾಗ, 38 ಮಂದಿಯ ಚರ್ಚೆ 146 ಪುಟಗಳಷ್ಟು ಬೆಳೆದು ಜೊತೆಗೆ ಸೇರಿತ್ತು. 1933ರಲ್ಲಿ ಸಂಘದ ನಾರ್ಮನ್ ಪದಕ. 1936ರಲ್ಲಿ ಇದೇ ಉಪಾಯವನ್ನು ಊರಿನ ನೀರಿನ ಕೊಳವೆಜಾಲಕ್ಕೂ ಹೊಂದಿಸಿದರು: ಪ್ರತಿ ಕೊಳವೆಯಲ್ಲಿ ಇಷ್ಟು ನೀರು ಹರಿಯುತ್ತದೆಂದು ಮೊದಲು ಊಹಿಸಿ, ಸುತ್ತು ಸುತ್ತಿಗೂ ತಿದ್ದುತ್ತ ಹೋಗುವುದು. ಇಂಗ್ಲಿಷ್ ಸಾಹಿತ್ಯ ಓದಿದ್ದ ಮನುಷ್ಯನ ಮಿತಭಾಷೆ ಆ ಹತ್ತು ಪುಟಗಳಲ್ಲಿದೆ ಎಂದು ನನಗನ್ನಿಸುತ್ತದೆ. ನಮ್ಮ ವೈದ್ಯಕೀಯ ಪತ್ರಿಕೆಗಳ ಸಂಪಾದಕರು ಅದನ್ನೊಮ್ಮೆ ನೋಡಬೇಕು.

ವಯಸ್ಸಾದಂತೆ ಕ್ರಾಸ್ ಅವರ ಕಿವಿ ಮಂದವಾಯಿತು. ಕೊರತೆಯನ್ನೂ ಅವರು ಪಾಠಕ್ಕೆ ಬಳಸಿಕೊಂಡರಂತೆ: ಕಪ್ಪುಹಲಗೆಯ ಮುಂದೆ ನಿಂತ ವಿದ್ಯಾರ್ಥಿ ತಡವರಿಸದೆ, ಎಲ್ಲರಿಗೂ ಕೇಳುವಂತೆ ತನ್ನ ತರ್ಕವನ್ನು ಹೇಳಲೇಬೇಕಿತ್ತು. ಗೊಣಗಿದ ಉತ್ತರಕ್ಕೆ ಬೆಲೆಯಿರಲಿಲ್ಲ. ಎಷ್ಟನೆಯ ದಶಾಂಶದವರೆಗೆ ಎಂಬುದಕ್ಕಿಂತ, ಭಾರ ಎಲ್ಲಿಂದ ಎಲ್ಲಿಗೆ ಹರಿಯುತ್ತಿದೆ ಎಂಬುದು ಶಿಷ್ಯರಿಗೆ ಕಾಣಬೇಕೆಂಬುದು ಅವರ ಹಟ. ಭಾರವೇ ಅಂದಾಜು, ಕಾಂಕ್ರೀಟಿನ ಗುಣವೂ ಅಂದಾಜು, ಹೀಗಿರುವಾಗ ಉತ್ತರ ಮಾತ್ರ ಅತಿನಿಖರವಾಗಿದ್ದು ಫಲವೇನು? 1937ರಲ್ಲಿ ಅವರು ಯೇಲ್ ವಿಶ್ವವಿದ್ಯಾಲಯಕ್ಕೆ ಹೋದರು, 1951ರಲ್ಲಿ ನಿವೃತ್ತರಾದರು, 1959ರ ಫೆಬ್ರವರಿಯಲ್ಲಿ ವರ್ಜೀನಿಯಾದಲ್ಲೇ ತೀರಿಕೊಂಡರು. ಮುಂದಿನ ದಶಕಗಳಲ್ಲಿ ಕಂಪ್ಯೂಟರು ಬಂದು ಸಾವಿರ ಸಮೀಕರಣಗಳನ್ನೂ ಕ್ಷಣದಲ್ಲಿ ಬಿಡಿಸತೊಡಗಿತು. ಆದರೂ ನಮ್ಮ ದೇಶದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಮಕ್ಕಳು ಇಂದಿಗೂ ಆ ಕೋಷ್ಟಕವನ್ನು ಬರೆಯುತ್ತಾರೆ.

ವೈದ್ಯನಾದ ನನಗೆ ಈ ಹಂಚಿಕೆ ಅಪರಿಚಿತವಲ್ಲ. ಹೃದಯ ಸೋತವನ ಕಾಲಿನ ಬಾವು ಇಳಿಯಲೆಂದು ಮೂತ್ರ ಹೆಚ್ಚಿಸುವ ಮಾತ್ರೆ ಕೊಟ್ಟರೆ ಮೂತ್ರಪಿಂಡ ಗೊಣಗುತ್ತದೆ. ಅದನ್ನು ಸಮಾಧಾನಪಡಿಸಿದರೆ ಪೊಟ್ಯಾಸಿಯಂ ಏರುತ್ತದೆ. ಅದನ್ನು ತಿದ್ದುವಷ್ಟರಲ್ಲಿ ಬಾವು ಮರಳಿರುತ್ತದೆ. ಎಲ್ಲಿ ನಿಲ್ಲಿಸಬೇಕೆಂಬುದು ಮಾತ್ರ ಯಾವ ಪಠ್ಯದಲ್ಲೂ ಇಲ್ಲ.

ಕೊನೆಯ ಎರಡು ವರ್ಷ ನಮ್ಮ ತಂದೆಯವರಿಗೂ ಇದೇ ಕಾಯಿಲೆ. ನಾನು ಇಲ್ಲಿಂದ ದಿನವೂ ಫೋನು ಮಾಡಿ ತೂಕ, ಮೂತ್ರದ ಪ್ರಮಾಣ, ಕ್ರಿಯಾಟಿನೈನ್ ಕೇಳುತ್ತಿದ್ದೆ. ಹಾಸನದ ವೈದ್ಯರು ಹೇಳಿದ ಗುಳಿಗೆಯಲ್ಲಿ ಅರ್ಧ ಹೆಚ್ಚಿಸುತ್ತಿದ್ದೆ, ಕಾಲು ಇಳಿಸುತ್ತಿದ್ದೆ, ಮತ್ತೊಂದು ರಕ್ತಪರೀಕ್ಷೆಗೆ ಒತ್ತಾಯಿಸುತ್ತಿದ್ದೆ. ಅವರು ಬೇಸರಿಸದೆ ಎಲ್ಲವನ್ನೂ ಓದಿ ಹೇಳುತ್ತಿದ್ದರು. ಊಟ ಸೇರಿತೇ, ನಿದ್ದೆ ಬಂತೇ ಎಂದು ನಾನು ಕೇಳಿದ್ದು ಕಡಿಮೆ.

ತಿಥಿ ಮುಗಿದ ಮೇಲೆ ಅವರ ಮೇಜಿನ ಸೆಳೆಖಾನೆಯಲ್ಲಿ ಆ ಹಳೆಯ ಪುಸ್ತಕ ಸಿಕ್ಕಿತು. ಹಿಂದಿನ ಖಾಲಿ ಹಾಳೆಗಳಲ್ಲಿ, ಅದೇ ರೀತಿ ಅಂಕಣಗಳನ್ನು ಎಳೆದು, ದಿನಾಂಕ, ತೂಕ, ಗುಳಿಗೆ, ರಕ್ತದ ಅಂಕಿಗಳನ್ನು ಇಳಿಸಿಕೊಂಡು ಬಂದಿದ್ದರು. ನಡುಗುವ ಕೈಯ ಅಕ್ಷರ. ತೀರಿಕೊಳ್ಳುವ ಹದಿನೇಳು ದಿನ ಮೊದಲಿನ ಸಾಲಿಗೆ ಬರಹ ನಿಂತಿದೆ. ಆಮೇಲಿನ ದಿನಗಳಲ್ಲೂ ನಾನು ಫೋನಿನಲ್ಲಿ ಕೇಳಿದಾಗಲೆಲ್ಲ ಅವರು ಏನೋ ಒಂದು ಅಂಕಿ ಹೇಳಿದ್ದರು. ಕೊನೆಯ ಸಾಲಿನ ಕೆಳಗೆ, ಅಳತೆಪಟ್ಟಿ ಇಟ್ಟು ನೇರವಾಗಿ ಎಳೆದ ಜೋಡಿ ಗೆರೆ ಇತ್ತು.