ಬೇಸಿಗೆಯ ಲೆಕ್ಕ ಹಾಕಿದ ಸೆರೆಯಾಳು

ಸರ್ಬಿಯಾದ ಗಣಿತಜ್ಞ ಮಿಲುಟಿನ್ ಮಿಲಾಂಕೊವಿಚ್ ಜನಿಸಿದ್ದು 1879ರಲ್ಲಿ, ಇಂದಿನ ಕ್ರೊಯೇಷಿಯಾದ ದಾಲ್ ಗ್ರಾಮದಲ್ಲಿ. ವಿಯೆನ್ನಾದಲ್ಲಿ ಕಾಂಕ್ರೀಟ್ ಎಂಜಿನಿಯರ್ ಆಗಿ ಹೆಸರು ಗಳಿಸಿದ್ದ ಅವರು 1909ರಲ್ಲಿ ಆ ವೃತ್ತಿಯನ್ನು ತೊರೆದು ಬೆಲ್‌ಗ್ರೇಡ್ ವಿಶ್ವವಿದ್ಯಾಲಯದ ಅಧ್ಯಾಪಕರಾದರು. 1914ರಲ್ಲಿ ಮಹಾಯುದ್ಧ ಸಿಡಿದಾಗ, ಆಗಷ್ಟೇ ಮದುವೆಯಾಗಿ ಹುಟ್ಟೂರಿಗೆ ಬಂದಿದ್ದ ಮಿಲಾಂಕೊವಿಚ್ ಆಸ್ಟ್ರಿಯಾ-ಹಂಗೆರಿಯ ಬಂಧಿಯಾದರು. ಬಳಿಕ ಬುಡಾಪೆಸ್ಟ್‌ನಲ್ಲಿ ನಿಗಾದಲ್ಲಿದ್ದುಕೊಂಡೇ ಗ್ರಂಥಾಲಯದಲ್ಲಿ ಕುಳಿತು ಲೆಕ್ಕ ಮುಂದುವರಿಸಿದರು.

ಹಿಮಯುಗಗಳು ಏಕೆ ಬಂದುಹೋಗುತ್ತವೆ ಎಂಬುದು ಅವರ ಪ್ರಶ್ನೆ. ಭೂಮಿಯ ಅಕ್ಷದ ಓರೆ ಸುಮಾರು 41,000 ವರ್ಷಗಳ ಆವರ್ತದಲ್ಲಿ 22.1 ಮತ್ತು 24.5 ಡಿಗ್ರಿಗಳ ನಡುವೆ ಓಲಾಡುತ್ತದೆ. ಓರೆ ಕುಗ್ಗಿದಾಗ ಧ್ರುವಸಮೀಪದ ಬೇಸಿಗೆ ಸೊರಗುತ್ತದೆ. ಚಳಿಗಾಲದ ಹಿಮ ಪೂರ್ತಿ ಕರಗದೆ ವರ್ಷವರ್ಷವೂ ಪೇರುತ್ತದೆ. ಇದರೊಡನೆ ಕಕ್ಷೆಯ ಆಕಾರ ಹಾಗೂ ಅಕ್ಷದ ಬುಗುರಿಯಾಟವನ್ನೂ ಗಣಿಸಿ, 1941ರಲ್ಲಿ ಅವರು ತಮ್ಮ ಮಹಾಗ್ರಂಥವನ್ನು ಪ್ರಕಟಿಸಿದರು.

1958ರಲ್ಲಿ ಅವರು ನಿಧನರಾದಾಗ ವಿಜ್ಞಾನಲೋಕದ ಸಂಶಯ ತೀರಿರಲಿಲ್ಲ. 1976ರಲ್ಲಿ ಸಾಗರತಳದ ಕೆಸರಿನ ಅಧ್ಯಯನ ಆ ಆವರ್ತಗಳಿಗೆ ಸಾಕ್ಷ್ಯ ಒದಗಿಸಿತು.

ಇಂದು ಓರೆ 23.4 ಡಿಗ್ರಿ; ಅದು ಇಳಿಯುತ್ತಿದೆ. ಆ ಲೆಕ್ಕದಂತೆ ಉತ್ತರದ ಬೇಸಿಗೆ ಸಾವಿರಾರು ವರ್ಷಗಳಲ್ಲಿ ಮೆಲ್ಲಗೆ ತಂಪಾಗಬೇಕು. ಆದರೆ ಕೆಲವೇ ದಶಕಗಳಲ್ಲಿ ಭೂಮಿ ಕಾವೇರಿದೆ. ಆ ಹೊಣೆಯನ್ನು ಅಕ್ಷದ ಮೇಲೆ ಹೊರಿಸುವಂತಿಲ್ಲ. ಅದು ನಮ್ಮ ಹೊಗೆಕೊಳವೆಗಳದು.