ಕೊಳೆರೋಗ ಗೆದ್ದ ಕೋಲ್ಮನ್, ಕೋಸಿಗೆ ಕೂತ ಹೇನು

ಮಲೆನಾಡಿನ ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣ, ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ, ಮಂಡ್ಯದ ವಿ.ಸಿ. ಫಾರ್ಮ್, ಹೆಬ್ಬಾಳದ ಕೃಷಿ ಶಾಲೆ. ಈ ನಾಲ್ಕರ ಕಥೆಯಲ್ಲೂ ಬರುವ ಹೆಸರು ಒಂದೇ: ಡಾ. ಲೆಸ್ಲಿ ಕೋಲ್ಮನ್. ಬಿ.ಎಸ್ಸಿ. ಕೃಷಿ ಓದಿದ ನಮಗೆಲ್ಲ ಈ ಹೆಸರು ಪರೀಕ್ಷೆಯ ಎರಡು ಅಂಕದ ಪ್ರಶ್ನೆಯಾಗಿ ಮಾತ್ರ ಗೊತ್ತು. ಪದವಿ ಮುಗಿಸಿ ಕೆಲಸ ಹುಡುಕುತ್ತಿರುವ ನಾನು ಈಗ ಅವರ ಬಗ್ಗೆ ಮತ್ತೆ ಓದಲು ಕೂತಿದ್ದೇನೆ. ಅದಕ್ಕೆ ಕಾರಣ ನಮ್ಮ ಹೊಲದ ಹೇನು. ಅದನ್ನು ಆಮೇಲೆ ಹೇಳುತ್ತೇನೆ, ಮೊದಲು ಕೋಲ್ಮನ್ ಕಥೆ ಕೇಳಿ.

ಅವರು ಹುಟ್ಟಿದ್ದು 1878ರಲ್ಲಿ, ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ. ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಓದಿ, ಜರ್ಮನಿಯ ಗಟಿಂಗೆನ್‌ನಲ್ಲಿ ಡಾಕ್ಟರೇಟ್ ಪಡೆದರು. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದಾಗ ಅವರಿಗೆ ಮೂವತ್ತು ವರ್ಷ. ಆಗ ಶಿವಾಜಿನಗರ, ಹಲಸೂರು ಸೇರಿದ್ದ ದಂಡು ಪ್ರದೇಶ ಬ್ರಿಟಿಷರ ಆಡಳಿತದಲ್ಲಿತ್ತು. ಕೋಲ್ಮನ್ ದುಡಿದದ್ದು ಮಹಾರಾಜರ ಸರ್ಕಾರಕ್ಕೆ. ಬೆಳೆಗೆ ಬರುವ ರೋಗವನ್ನೂ ಅವರೇ ನೋಡಬೇಕು, ಹುಳವನ್ನೂ ಅವರೇ ನೋಡಬೇಕು. ಎರಡಕ್ಕೂ ಸೇರಿ ಒಂದೇ ಹುದ್ದೆ.

ಆ ದಿನಗಳಲ್ಲಿ ಮಳೆಗಾಲ ಬಂತೆಂದರೆ ಮಲೆನಾಡಿನ ಅಡಿಕೆ ಬೆಳೆಗಾರರ ಎದೆ ನಡುಗುತ್ತಿತ್ತು. ಕೊಳೆರೋಗ ಬಿದ್ದರೆ ಎಳೆ ಅಡಿಕೆ ಕೊಳೆತು ರಾಶಿ ರಾಶಿ ಉದುರುತ್ತಿತ್ತು. ಮಳೆ ನೀರು ತಾಗದಂತೆ ಗೊನೆಗೆ ಕೊಟ್ಟೆ ಕಟ್ಟುವುದೇ ರೈತರಿಗೆ ಗೊತ್ತಿದ್ದ ಉಪಾಯ. ಕೋಲ್ಮನ್ ಮೊದಲು ರೋಗಕ್ಕೆ ಕಾರಣವಾದ ಜೀವಿಯನ್ನು ಹುಡುಕಿದರು. ಅದು ಯಾವಾಗ ಬರುತ್ತದೆ, ಹೇಗೆ ಹರಡುತ್ತದೆ ಎಂದು ತಿಳಿದುಕೊಂಡರು. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಬಳಕೆಯಲ್ಲಿದ್ದ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ನಮ್ಮ ಅಡಿಕೆ ಗೊನೆಗೆ ತಂದರು. 1910ರಲ್ಲಿ ಕೊಳೆರೋಗದ ಬಗ್ಗೆ ಅವರ ವರದಿ ಪ್ರಕಟವಾಯಿತು. ನೂರು ವರ್ಷ ದಾಟಿದೆ, ಇಂದಿಗೂ ಮಲೆನಾಡಿನಲ್ಲಿ ಮುಂಗಾರಿನ ಮೊದಲು ಒಮ್ಮೆ, ನಲವತ್ತು ದಿನ ಕಳೆದು ಇನ್ನೊಮ್ಮೆ ಅದೇ ದ್ರಾವಣ ಹೊಡೆಯುತ್ತಾರೆ.

ಒಂದೇ ಔಷಧಿ ನೂರು ವರ್ಷ ಹೇಗೆ ಬಾಳಿತು? ತಾಮ್ರ ಆ ಜೀವಿಯ ದೇಹದಲ್ಲಿ ಒಂದೇ ಕಡೆ ಪೆಟ್ಟು ಕೊಡುವುದಿಲ್ಲ, ಹತ್ತಾರು ಕಡೆ ಕೊಡುತ್ತದೆ. ಹತ್ತೂ ಬಾಗಿಲಿಗೆ ಒಟ್ಟಿಗೆ ಅಗಳಿ ಹಾಕಿಕೊಳ್ಳುವುದು ಯಾವ ಜೀವಿಗೂ ಸುಲಭವಲ್ಲ. ಜೊತೆಗೆ, ರೋಗ ಬರುವ ಮೊದಲೇ ಸಮಯ ನೋಡಿ ಹೊಡೆಯುವುದರಿಂದ ವರ್ಷಕ್ಕೆ ಎರಡು ಮೂರು ಸಲಕ್ಕಿಂತ ಹೆಚ್ಚು ಬೇಕಾಗುವುದಿಲ್ಲ.

ಹುಳದ ವಿಷಯದಲ್ಲೂ ಕೋಲ್ಮನ್ ಹಿಡಿದ ದಾರಿ ಇದೇ. ಬಯಲುಸೀಮೆಯ ಜೋಳವನ್ನು ಒಂದು ಮಿಡತೆ ಬೋಳಿಸುತ್ತಿತ್ತು. ಅದು ಬಲಿತ ಮೇಲೂ ಹಾರಲಾರದು, ಮೊಟ್ಟೆ ಇಡುವುದು ಮಣ್ಣಿನೊಳಗೆ. ಈ ಎರಡು ಗುಟ್ಟು ತಿಳಿದರೆ ಸಾಕು: ಉಳುಮೆ ಮಾಡಿ ಮೊಟ್ಟೆಗಳನ್ನು ಬಿಸಿಲಿಗೆ ಹಾಕಬಹುದು, ಮರಿಗಳನ್ನು ಬಲೆಯ ಚೀಲಗಳಲ್ಲಿ ಬಾಚಿ ಹಿಡಿಯಬಹುದು. 1910ರಲ್ಲಿ ಸ್ಪೇನಿನ ಕೀಟತಜ್ಞ ಬೊಲಿವರ್ ಈ ಮಿಡತೆಗೆ ಹೆಸರಿಡುವಾಗ ಕೋಲ್ಮನ್ ಹೆಸರನ್ನೇ ಸೇರಿಸಿ ಕೋಲ್ಮೇನಿಯಾ ಎಂದು ಕರೆದರು. ಈ ಕೆಲಸಗಳಲ್ಲಿ ಕೋಲ್ಮನ್ ಜೊತೆಗಿದ್ದವರು ಕುಂಞಿ ಕಣ್ಣನ್ ಎಂಬ ಭಾರತೀಯ ಕೀಟತಜ್ಞ.

ಮುಂದೆ ಕೋಲ್ಮನ್ ಕೃಷಿ ಇಲಾಖೆಯ ನಿರ್ದೇಶಕರಾದರು. 1913ರಲ್ಲಿ ಹೆಬ್ಬಾಳದಲ್ಲಿ ಕೃಷಿ ಶಾಲೆ ಶುರುವಾಯಿತು; ಅದೇ ಬೆಳೆದು 1946ರಲ್ಲಿ ಕಾಲೇಜಾಯಿತು, 1964ರಲ್ಲಿ ಕೃಷಿ ವಿಶ್ವವಿದ್ಯಾಲಯಕ್ಕೆ ತಳಹದಿಯಾಯಿತು. 1925ರಲ್ಲಿ ಬಾಳೆಹೊನ್ನೂರಿನ ಕಾಫಿ ಕೇಂದ್ರ ಬಂತು. ಮಂಡ್ಯದಲ್ಲಿ ನಾಲೆ ನೀರು ಹರಿದ ಮೇಲೆ ವಿ.ಸಿ. ಫಾರ್ಮ್ ಬಂತು, 1933ರಲ್ಲಿ ಸಕ್ಕರೆ ಕಂಪನಿಯೂ ಬಂತು. 1934ರಲ್ಲಿ ನಿವೃತ್ತರಾಗಿ ತಾಯ್ನಾಡಿಗೆ ಮರಳಿದ ಕೋಲ್ಮನ್ 1954ರಲ್ಲಿ ತೀರಿಕೊಂಡರು.

ಈಗ ನಮ್ಮ ಹೇನಿನ ವಿಷಯ. ನಮ್ಮ ಮನೆ ಇರುವುದು ಕೆ.ಆರ್. ಪುರಂನಲ್ಲಿ, ಜಮೀನು ಹೊಸಕೋಟೆ ಕಡೆ. ಅಪ್ಪ, ದೊಡ್ಡಪ್ಪ ಸೇರಿ ಎಲೆಕೋಸು ಹಾಕುತ್ತಾರೆ. ಕೆ.ಆರ್. ಪುರಂ ಸಂತೆಗೂ ಶಿವಾಜಿನಗರದ ರಸೆಲ್ ಮಾರುಕಟ್ಟೆಗೂ ಮಾಲು ಹೋಗುತ್ತದೆ. ಈ ಸಲ ಎಲೆಯ ಅಡಿಯಲ್ಲಿ ಹೇನು ಗುಂಪುಗುಂಪಾಗಿ ಕೂತಿತು. ಅಂಗಡಿಯವರು ಕೊಟ್ಟ ಔಷಧಿ ಹೊಡೆದರು, ಹೋಗಲಿಲ್ಲ. ಎರಡನೆಯ ಡಬ್ಬಿ, ಮೂರನೆಯ ಡಬ್ಬಿ ಬಂತು. ಹೇನು ಅಲುಗಲಿಲ್ಲ, ಸಾಲ ಬೆಳೆಯಿತು. ಮೂರೂ ಡಬ್ಬಿಗಳನ್ನು ತಿರುಗಿಸಿ ಓದಿದೆ: ಇಮಿಡಾಕ್ಲೋಪ್ರಿಡ್, ಅಸೆಟಾಮಿಪ್ರಿಡ್, ಥಯಾಮೆಥೊಕ್ಸಾಮ್. ಹೆಸರು ಮೂರು, ಬೆಲೆ ಮೂರು, ಆದರೆ ಮೂರೂ ಒಂದೇ ಗುಂಪಿನವು. ಹುಳದ ನರದಲ್ಲಿ ಮೂರೂ ಬಡಿಯುವುದು ಒಂದೇ ಬಾಗಿಲನ್ನು. ಆ ಬಾಗಿಲು ಮುಚ್ಚಿಕೊಂಡ ಹೇನಿಗೆ ಮೂರನೆಯ ಡಬ್ಬಿಯೂ ಮೊದಲನೆಯದರಂತೆಯೇ.

ಹೇನು ಇಷ್ಟು ಬೇಗ ಗಟ್ಟಿಯಾಗುವುದು ಹೇಗೆ? ನಮ್ಮಂಥ ಬೆಚ್ಚನೆಯ ಊರಲ್ಲಿ ಹೊಲದಲ್ಲಿರುವ ಹೇನುಗಳೆಲ್ಲ ಹೆಚ್ಚುಕಡಿಮೆ ಹೆಣ್ಣೇ. ಗಂಡಿನ ಹಂಗಿಲ್ಲದೆ ನೇರವಾಗಿ ಮರಿ ಹಾಕುತ್ತವೆ. ಮರಿಯೂ ತಾಯಿಯ ಪಡಿಯಚ್ಚು, ವಾರ ಹತ್ತು ದಿನದಲ್ಲಿ ಅದೂ ತಾಯಿಯಾಗುತ್ತದೆ. ಸಾವಿರ ಹೇನಿನಲ್ಲಿ ಔಷಧಿ ತಡೆಯುವ ಒಂದೇ ಒಂದು ಉಳಿದರೂ ತಿಂಗಳೊಳಗೆ ಹೊಲ ತುಂಬ ಅದರ ಸಂತಾನವೇ. ಕೋಸು, ದೊಣ್ಣೆಮೆಣಸು, ಆಲೂಗಡ್ಡೆ ಎಲ್ಲಕ್ಕೂ ಬರುವ ಹಸಿರು ಪೀಚ್ ಹೇನು ಇದರಲ್ಲಿ ಜಗತ್ಪ್ರಸಿದ್ಧ. ವಿಷ ಒಡೆದು ಹಾಕುವ ಕಿಣ್ವದ ಜೀನನ್ನೇ ಅದು ಹಲವು ಪ್ರತಿಗಳಾಗಿ ಹೆಚ್ಚಿಸಿಕೊಂಡಿದೆ. ಇತ್ತ ಔಷಧಿಗೆ ಸಾಯುವುದು ಯಾರು? ಹೇನನ್ನು ತಿಂದು ಬದುಕುವ ಗುಲಗಂಜಿ ಹುಳ.

ಇದು ಹೊಸ ಸುದ್ದಿಯೇನಲ್ಲ. ಹೆಬ್ಬಾಳದ ಶಾಲೆ ಶುರುವಾದ ಮರುವರ್ಷ, ಅಂದರೆ 1914ರಲ್ಲೇ, ಅಮೆರಿಕದ ಮೆಲಾಂಡರ್ ಎಂಬ ಕೀಟತಜ್ಞ ಸುಣ್ಣ-ಗಂಧಕದ ಸಿಂಪಡಣೆಗೆ ಬಗ್ಗದ ಶಲ್ಕಕೀಟದ ಬಗ್ಗೆ ಬರೆದಿದ್ದರು.

ದಾರಿಯೂ ನಮ್ಮ ಊರಲ್ಲೇ ಇದೆ. 2002ರಲ್ಲಿ ಉತ್ತರ ಕರ್ನಾಟಕದ ಕಬ್ಬಿಗೆ ಬಿಳಿ ಉಣ್ಣೆ ಹೇನು ಮುತ್ತಿದಾಗ, ಅದನ್ನೇ ತಿನ್ನುವ ಡೈಫಾ, ಮೈಕ್ರೊಮಸ್ ಎಂಬ ಕೀಟಗಳನ್ನು ಬೆಳೆಸಿ ಹೊಲಕ್ಕೆ ಬಿಡಲಾಯಿತು. ಅದರಲ್ಲಿ ಹೆಬ್ಬಾಳದ ಜೈವಿಕ ನಿಯಂತ್ರಣ ವಿಜ್ಞಾನಿಗಳ ಪಾಲು ದೊಡ್ಡದು. ಎಲೆಕೋಸಿಗೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಹೇಳಿದ ಉಪಾಯ ಇನ್ನೂ ಸರಳ: 25 ಸಾಲು ಕೋಸಿಗೆ ಎರಡು ಸಾಲು ಸಾಸಿವೆ. ಒಂದು ಸಾಲನ್ನು ಕೋಸು ನಾಟಿಗೆ 15 ದಿನ ಮೊದಲು, ಇನ್ನೊಂದನ್ನು ನಾಟಿಯಾದ 25 ದಿನಕ್ಕೆ ಬಿತ್ತಬೇಕು. ಹುಳವೂ ಹೇನೂ ಸಾಸಿವೆಗೆ ಹೋಗಿ ಕೂರುತ್ತವೆ, ಔಷಧಿ ಅಷ್ಟಕ್ಕೆ ಹೊಡೆದರಾಯಿತು. ದೊಡ್ಡಪ್ಪ ನಕ್ಕರು. ಅಪ್ಪ ಮಾತ್ರ ಮುಂದಿನ ನಾಟಿಗೆ ಅರ್ಧ ಎಕರೆಯಲ್ಲಿ ನೋಡೋಣ ಎಂದಿದ್ದಾರೆ.

ಈ ನಡುವೆ ನನಗೊಂದು ಕೆಲಸ ಸಿಕ್ಕಿದೆ. ಕೀಟನಾಶಕ ಕಂಪನಿಯೊಂದರ ಮಾರಾಟ ಪ್ರತಿನಿಧಿ. ಹೊಸಕೋಟೆ, ಮಾಲೂರು ಕಡೆಯ ಅಂಗಡಿಗಳು ನನ್ನ ಪಾಲು, ತಿಂಗಳಿಗೆ ಇಷ್ಟು ಡಬ್ಬಿ ಎಂಬ ಟಾರ್ಗೆಟ್. ಇಂದಿರಾನಗರದ ಗ್ರಂಥಾಲಯದಲ್ಲಿ ಜೊತೆಗೆ ಓದುವ ಗೆಳೆಯರಲ್ಲಿ ಅರ್ಧ ಜನ ಸೇರು ಅಂತಾರೆ, ಅರ್ಧ ಜನ ಬೇಡ ಅಂತಾರೆ. ಕೋಸಿನ ಸಾಲ, ತಂಗಿಯ ಫೀಸು ಎರಡೂ ಕಣ್ಣ ಮುಂದಿವೆ. ಹಾಗಾಗಿ ಸೇರುತ್ತೇನೆ. ಕೃಷಿ ಅಧಿಕಾರಿ ಪರೀಕ್ಷೆಯ ಓದನ್ನೂ ಬಿಡುವುದಿಲ್ಲ.

ಆದರೆ ಅಂಗಡಿಗೆ ಬಂದ ರೈತರಿಗೆ ಡಬ್ಬಿ ಕೊಡುವ ಮೊದಲು ಮೂರು ಮಾತು ಕೇಳಬೇಕೆಂದು ತೀರ್ಮಾನಿಸಿದ್ದೇನೆ. ಬಂದಿರುವ ಹುಳ ಯಾವುದು? ಹಿಂದಿನ ಸಲ ಹೊಡೆದದ್ದು ಯಾವ ಗುಂಪಿನ ಔಷಧಿ? ಎಲೆಯ ಮೇಲೆ ಗುಲಗಂಜಿ ಹುಳ ಕಾಣುತ್ತಿದೆಯೇ? ಮೂರನೆಯದಕ್ಕೆ ಹೌದು ಎಂದರೆ, ನಾಲ್ಕು ದಿನ ಕಾದು ನೋಡಿ ಎಂದು ಹೇಳಬೇಕಾಗುತ್ತದೆ. ಆ ದಿನ ಒಂದು ಡಬ್ಬಿ ಕಡಿಮೆ ಮಾರಾಟವಾಗುತ್ತದೆ. ಟಾರ್ಗೆಟ್ ಮುಟ್ಟದಿದ್ದರೆ ಕೆಲಸ ಎಷ್ಟು ದಿನ ಉಳಿದೀತೋ, ನೋಡಬೇಕು. ಆದರೂ ರೈತರಿಗೆ ಔಷಧಿ ಹೇಳುವ ಮೊದಲು ಶತ್ರುವಿನ ಜಾತಕ ಬರೆದುಕೊಂಡ ಕೋಲ್ಮನ್ ಕಟ್ಟಿದ ಇಲಾಖೆಯ ಪಾಠವನ್ನೇ ನಾಲ್ಕು ವರ್ಷ ಓದಿದವರು ನಾವು. ಅದನ್ನು ಅಂಗಡಿಯ ಕಟ್ಟೆಯ ಮೇಲೂ ಹೇಳಲು ಬಾರದಿದ್ದರೆ ಆ ಪದವಿಗೆ ಅರ್ಥವೇನು?